ಅಮ್ಮನ ಡಯಾಲಿಸಿಸ್ ಕೊಳವೆಗೆ ಅರಿಸಿನ, ಬೇವು ಹಚ್ಚಬಹುದೇ?

ಪ್ರಶ್ನೆ (ವಾಸ್ಕೋ):
ನಾವು ರಾಣೆಬೆನ್ನೂರಿನವರು, ವಾಸ್ಕೋಕ್ಕೆ ಬಂದು ಹದಿನಾರು ವರ್ಷವಾಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆ. ಐದು ತಿಂಗಳಿಂದ ವಾರಕ್ಕೆ ಮೂರು ಡಯಾಲಿಸಿಸ್, ಕುತ್ತಿಗೆಯ ಬುಡದಲ್ಲಿ ಹಾಕಿದ ಕ್ಯಾತಿಟರ್ ಮೂಲಕ. ಎರಡು ಸಲ ಯಂತ್ರಕ್ಕೆ ಜೋಡಿಸಿದ ಅರ್ಧ ಗಂಟೆಯೊಳಗೆ ಹಲ್ಲು ಕಟಕಟಿಸುವಷ್ಟು ಚಳಿ ಹತ್ತಿತು. ಎರಡೂ ಸಲ ವಾರಗಟ್ಟಲೆ ಆ್ಯಂಟಿಬಯಾಟಿಕ್ ಇಂಜೆಕ್ಷನ್. ಹೀಗೇ ಕೊಡುತ್ತ ಹೋದರೆ ಮುಂದೆ ಯಾವ ಔಷಧಿಯೂ ನಾಟದೆಂಬ ಭಯ ನನ್ನದು. ಸೋದರತ್ತೆ ಊರಿನಿಂದ ಬೇವಿನ ಎಲೆ, ಅರಿಸಿನದ ಕೊಂಬು, ಅಮೃತಬಳ್ಳಿ ಕಳಿಸಿದ್ದಾರೆ. ಅರೆದು ಹಚ್ಚಿ, ಕಷಾಯ ಕುಡಿಸಿದರೆ ಸೋಂಕು ತಡೆಯಬಹುದೇ?

ಉತ್ತರ (ಮಡಗಾಂವ್, ಡಯಾಲಿಸಿಸ್ ನರ್ಸ್):
ತಮ್ಮಾ, ನಿನ್ನ ಭಯ ಸುಳ್ಳಲ್ಲ. ಆದರೆ ಅರೆದ ಅರಿಸಿನವನ್ನು ಅಲ್ಲಿ ಹಚ್ಚಲೇಬೇಡ. ಆ ಕೊಳವೆಯ ತುದಿ ಹೃದಯದ ಬಳಿ ಇರುತ್ತದೆ. ಒರಳಿನಲ್ಲಿ ಅರೆದದ್ದು ಎಷ್ಟು ಮಡಿಯಿಂದ ಅರೆದರೂ ಕ್ರಿಮಿರಹಿತವಲ್ಲ. ಇನ್ನೊಂದು ಮಾತು: ಡ್ರೆಸ್ಸಿಂಗ್ ಬಿಚ್ಚಿದಾಗ ನಾನು ಮೊದಲು ನೋಡುವುದು ಚರ್ಮದ ಬಣ್ಣವನ್ನು. ಉಗುರಿನಷ್ಟಗಲ ಕೆಂಪಾಗಿದ್ದರೂ ವೈದ್ಯರನ್ನು ಕರೆಯುತ್ತೇನೆ. ಹಳದಿ ಮೆತ್ತಿದ್ದರೆ ಆ ಕೆಂಪು ಕಾಣುವುದು ಹೇಗೆ?

ಈ ಜಾಗಕ್ಕೆ ಸರಿಯಾಗಿ ಪರೀಕ್ಷೆಯಾದ ನೈಸರ್ಗಿಕ ಪದಾರ್ಥವೆಂದರೆ ಹೂವಿನ ಮಕರಂದದಿಂದ ಬರುವ ಜೇನು. 2005ರಲ್ಲಿ ಆಸ್ಟ್ರೇಲಿಯಾದವರು ಡಯಾಲಿಸಿಸ್ ಕ್ಯಾತಿಟರ್ ಇದ್ದ 101 ಮಂದಿಯಲ್ಲಿ ಅದನ್ನು ಮುಪಿರೋಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮಿಗೆ ಹೋಲಿಸಿದರು. ಸೋಂಕು ಹೆಚ್ಚುಕಡಿಮೆ ಸಮನಾಗಿತ್ತು. ಅದು ವಿಕಿರಣದಿಂದ ಶುದ್ಧಗೊಳಿಸಿದ ವೈದ್ಯಕೀಯ ಜೇನು, ಅಡುಗೆಮನೆಯ ಬಾಟಲಿಯದಲ್ಲ. 2014ರಲ್ಲಿ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವ 371 ಮಂದಿಯ ಅಧ್ಯಯನ ಬಂತು. ಅಲ್ಲಿ ಜೇನು ಮೇಲಾಗಲಿಲ್ಲ, ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಹೆಚ್ಚೇ ಆಯಿತು. ನಿನ್ನ ಅಮ್ಮನನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಕಷಾಯವೂ ಬೇಡ. ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ.

ಆ್ಯಂಟಿಬಯಾಟಿಕ್ ತಪ್ಪಿಸುವ ನಿಜವಾದ ದಾರಿ ಕೈಯಲ್ಲಿ ಫಿಸ್ಟುಲಾ (ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಮಾಡಿಸಿ ಕೊಳವೆಯನ್ನೇ ತೆಗೆಸುವುದು. ಐದು ತಿಂಗಳಾದರೂ ಯಾರೂ ಈ ಮಾತೆತ್ತಿಲ್ಲವೇ? ನಾಳೆಯೇ ಕೇಳು. ಅಲ್ಲಿಯವರೆಗೆ ಕೊಳವೆ ತೆರೆಯುವಾಗ ಅಮ್ಮನಿಗೂ ನರ್ಸ್‌ಗೂ ಮಾಸ್ಕ್ ಇರಲಿ, ಡ್ರೆಸ್ಸಿಂಗ್ ಒದ್ದೆಯಾಗದಿರಲಿ.

ಉತ್ತರ (ಪುಣೆ):
ಅಪ್ಪನಿಗೆ ಫಿಸ್ಟುಲಾ ಆಗಿ ಮೂರು ವರ್ಷ. ಕೊಳವೆ ತೆಗೆದ ಮೇಲೆ ಆ ಚಳಿಜ್ವರ ಮತ್ತೆ ಬಂದಿಲ್ಲ. ಎಳನೀರನ್ನೂ ಕೊಡಬೇಡಿ, ಪೊಟ್ಯಾಸಿಯಂ ಏರುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕಾ, ಫಿಸ್ಟುಲಾ ಬಗ್ಗೆ ಹೇಳಿದ್ದರು. ಅಮ್ಮ ಕೈಕೊಯ್ತಕ್ಕೆ ಹೆದರಿ ಒಲ್ಲೆ ಎಂದಿದ್ದಳು. ಇವತ್ತು ಪುಣೆಯವರ ಮಾತನ್ನು ಓದಿ ಹೇಳಿದೆ, ಒಪ್ಪಿದ್ದಾಳೆ. ಪಕ್ಕದ ಮನೆಯವರು ತಮ್ಮ ಹಿತ್ತಲಿನ, ಐದು ಏಣಿನ ಹುಳಿಹಣ್ಣು ಕೊಟ್ಟಿದ್ದಾರೆ. ಅದರ ಉಪ್ಪಿನಕಾಯಿ ತಿನ್ನಬಹುದೇ?

ಉತ್ತರ (ಮಡಗಾಂವ್, ಡಯಾಲಿಸಿಸ್ ನರ್ಸ್):
ಬೇಡವೇ ಬೇಡ! ಕುಂದಾಪುರದ ಕಡೆ ನಾವು ಅದಕ್ಕೆ ದಾರೆಹುಳಿ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಸ್ಟಾರ್ ಫ್ರೂಟ್. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು. ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್, ಸಾವಿನವರೆಗೂ ಹೋದದ್ದುಂಟು. ಈಗಾಗಲೇ ತಿಂದಿದ್ದು ಬಿಕ್ಕಳಿಕೆ ಬಂದರೆ ತಡಮಾಡದೆ ಕರೆದುಕೊಂಡು ಹೋಗು. ಫಿಸ್ಟುಲಾ ಯಾವ ಕೈಗೆ ಎಂದು ಕೇಳಿಕೊಂಡು, ಇವತ್ತಿನಿಂದಲೇ ಆ ಕೈಯಲ್ಲಿ ಬಿ.ಪಿ. ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡ.