ಅಪ್‌ಡೇಟ್: ಮನಸ್ಸು ಓದುವವರ ಎದುರು ಯೋಜನೆ ಮುಚ್ಚಿಡುವುದು

ಮನಸ್ಸು ಓದುವ ಅನ್ಯಗ್ರಹಜೀವಿಗಳಿಂದ ನನ್ನ ಕಥೆಯ ಐವರು ನೌಕಾಸಿಬ್ಬಂದಿ ತಮ್ಮ ಯೋಜನೆಯನ್ನು ಹೇಗೆ ಮುಚ್ಚಿಡಬೇಕು ಎಂದು ಕೇಳಿದ್ದೆ. ‘ಯೋಚಿಸಲೇಬೇಡಿ’ ಎಂಬ ಸಲಹೆ ಕೈಬಿಟ್ಟೆ: ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದು ಜನರಿಗೆ ಹೇಳಿದ 1987ರ ಪ್ರಯೋಗ ತೋರಿಸಿದಂತೆ, ತಡೆದ ಯೋಚನೆಯೇ ಮರಳಿ ನುಗ್ಗುತ್ತದೆ. ಯೋಜನೆ ನೆನಪಿಗೆ ಬಾರದಂತೆ ಮನಸ್ಸಿನಲ್ಲೇ 1000ದಿಂದ ಏಳೇಳು ಕಳೆಯುವುದು (993, 986...) ಪರವಾಗಿಲ್ಲ, ಆದರೆ ನೌಕೆ ನಡೆಸುವವರಿಗೆ ಆಗದು, ಲೆಕ್ಕವೇ ಗಮನವನ್ನೆಲ್ಲ ನುಂಗುತ್ತದೆ.

ಉಳಿದದ್ದು ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ಗುಟ್ಟು ಹಂಚುವ ವಿಧಾನ. ಕಂಪ್ಯೂಟರೇ ಯೋಜನೆ ಆರಿಸಿ, ಲಾಕ್ ಮಾಡಿ, ಕೀಯನ್ನು ಐದು ಪಾಲು ಮಾಡುತ್ತದೆ. ಯಾವ ಮೂರು ಸೇರಿದರೂ ತೆರೆಯುತ್ತದೆ. ಎರಡರಿಂದ ಏನೂ ತಿಳಿಯದು. ಮೊದಲ ಕರಡಿನಲ್ಲಿ ಪಾಲುಗಳನ್ನು ಬಾಯಿಪಾಠ ಮಾಡಿಸಿದ್ದು ದಡ್ಡತನ: ಮೂವರ ಮನಸ್ಸು ಓದಿದರೆ ಕಥೆ ಮುಗಿಯಿತು. ಈಗ ಮೊಹರು ಹಾಕಿದ ಚೀಟಿ, ಯಾರೂ ಓದದೆ ನೇರ ಸ್ಕ್ಯಾನರಿಗೆ.