ಜಿಪ್ಸಿ ಬ್ರೇಕ್ ಪೆಡಲ್ ಸ್ಟೇಜ್ ಮಧ್ಯೆ ನೆಲಕ್ಕೆ ಹೋಗ್ತಿದೆ, ಗೊತ್ತಿರೋರು ಹೇಳ್ರಪ್ಪಾ

ತೋಟದಹುಡುಗ:
ತಲೆ ಕೆಟ್ಟೋಗಿದೆ ಗುರು. ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್ ಎಂಜಿನ್), ರ್ಯಾಲಿಗೇ ಅಂತ ಇಟ್ಕೊಂಡಿರೋದು. ಚಿಕ್ಕಮಗಳೂರು ಕಡೆ ಎಸ್ಟೇಟ್ ಸ್ಟೇಜಲ್ಲಿ (ರ್ಯಾಲಿಲಿ ಟೈಮ್ ಹಿಡಿಯೋ ತುಂಡು ದಾರಿ) ಶುರುನಲ್ಲಿ ಎಲ್ಲಾ ಸೂಪರ್, ಅರ್ಧ ಸ್ಟೇಜ್ ದಾಟಿದ್ಮೇಲೆ ಎಲ್ಲೋ ಒಂದ್ಕಡೆ ಬ್ರೇಕ್ ಒತ್ತಿದ್ರೆ ಪೆಡಲ್ ಸೀದಾ ಕೆಳಗೆ. ಕಳೆದ ಸಲ ಹೇರ್‌ಪಿನ್ ಬಿಟ್ಟು ಕಾಫಿ ಗಿಡದ ಮಧ್ಯೆ ಹೋಗಿ ನಿಂತ್ವಿ, ಪುಣ್ಯಕ್ಕೆ ಸಿಲ್ವರ್ ಓಕ್ ಒಂದಡಿ ಪಕ್ಕಕ್ಕಿತ್ತು. ನೇವಿಗೇಟರ್ ಮನೆಗೆ ಹೋದ್ಮೇಲೂ ಮಾತಾಡ್ಲಿಲ್ಲ. ಪ್ಯಾಡ್ ಹೊಸದು, ಬ್ಲೀಡ್ ಮಾಡ್ಸಿದೀನಿ (ಲೈನಲ್ಲಿರೋ ಗಾಳಿ ತೆಗೆಸಿದೀನಿ), ಪೆಡಲ್ ಒತ್ತಿದ್ರೆ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರ್‌ಗೆ ಕಿಟ್ ಹಾಕ್ಸಿದೀನಿ. ಇಷ್ಟಾದ್ರೂ ಸರ್ವಿಸ್ ಪಾರ್ಕಿಗೆ ಬಂದು ಮೆಕ್ಯಾನಿಕ್ ಒತ್ತಿದ್ರೆ ಪೆಡಲ್ ಕಲ್ಲು ಇದ್ದಂಗೆ ಇರುತ್ತೆ, ಅವ್ನು ನನ್ ಮುಖ ನೋಡ್ತಾನೆ. ಮುಂದಿನ ರ್ಯಾಲಿ ಹತ್ರ ಬಂತು, ಬೇಗ ಹೇಳಿ.

ಬಿಸಿರೋಟರ್:
ಫ್ಲೂಯಿಡ್ ಕುದೀತಿದೆ. ಇನ್ನೇನೂ ಇಲ್ಲ. ಯಾವ್ ಫ್ಲೂಯಿಡ್ ಹಾಕಿದೀಯ?

ತೋಟದಹುಡುಗ:
ಗ್ಯಾರೇಜಲ್ಲಿ ಹಾಕಿದ್ದು ಬ್ರೋ, ಮಾಮೂಲಿ.

ಬಿಸಿರೋಟರ್:
ಮಾಮೂಲಿ ಅಂದ್ರೆ ಡಾಟ್ 3 ಅಂತಾಯ್ತು (ಡಾಟ್ ಅಂದ್ರೆ ಬ್ರೇಕ್ ಫ್ಲೂಯಿಡ್ ದರ್ಜೆ). ಡಾಟ್ 3 ಹೊಸದಿದ್ದಾಗ 205 ಡಿಗ್ರಿ ತಡ್ಕೊಬೇಕು, ನೀರು ಹೀರ್ಕೊಂಡ್ಮೇಲೆ 140ಕ್ಕೆ ಬಂದ್ಬಿಡುತ್ತೆ, ಮಲೆನಾಡ್ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕ್ದೆ ಇಟ್ರೆ ಕೇಳೋದೇ ಬೇಡ. ಡಾಟ್ 4 ಹಾಕು, 230 ಮತ್ತೆ 155. ಇಲ್ಲ ಸೀದಾ ಡಾಟ್ 5.1ಕ್ಕೆ ಹೋಗು, 260 ಮತ್ತೆ 180. ಕುದ್ದಾಗ ಲೈನಲ್ಲಿ ಆವಿ ಗುಳ್ಳೆ ಬರುತ್ತೆ, ಆವಿ ಒತ್ತಿದ್ರೆ ಕುಗ್ಗುತ್ತೆ, ಪೆಡಲ್ ಕೆಳಗೆ. ಸರ್ವಿಸ್ ಪಾರ್ಕಿಗೆ ಬರೋಷ್ಟ್ರಲ್ಲಿ ತಣ್ಣಗಾಗಿ ಗಟ್ಟಿ. ನೀನು ಬರೆದಿದ್ದೆಲ್ಲಾ ಇದಕ್ಕೇ ಕೂರುತ್ತೆ.

ಧೂಳಪ್ಪ:
ಡಾಟ್ 5 ಹಾಕ್ಬಿಡಿ ಇನ್ನೂ ಒಳ್ಳೇದು, ನಂಬರ್ ದೊಡ್ದು 😄

ಬಿಸಿರೋಟರ್:
ತಮಾಷೆಗೂ ಹೇಳ್ಬೇಡ ಮಾರಾಯ, ಯಾರಾದ್ರೂ ನಿಜ ಅನ್ಕೊಂಡು ಹಾಕ್ತಾರೆ. ಡಾಟ್ 5 ಸಿಲಿಕೋನ್, ಬೇರೆದ್ರ ಜೊತೆ ಸೇರ್ಸಂಗಿಲ್ಲ. 5.1 ಅಂದ್ರೆ 3, 4 ಇದ್ದಂಗೆ ಗ್ಲೈಕಾಲ್‌ದೇ.

ಹಳೇಎಸ್ಟೀಮ್:
ನಾವೆಲ್ಲಾ ಡಾಟ್ 3ನಲ್ಲೇ ಇಡೀ ಸೀಸನ್ ಓಡ್ಸಿದೀವಿ ಸ್ವಾಮಿ, ಯಾರಿಗೂ ಕುದೀಲಿಲ್ಲ. ಈಗಿನ ಹುಡುಗ್ರು ಪ್ರತಿ ಕಾರ್ನರ್‌ಗೂ ಬ್ರೇಕ್ ತುಳೀತಾರೆ. ಗ್ರಾವೆಲ್‌ನಲ್ಲಿ ಗಾಡಿ ನಿಲ್ಸೋದು ಬ್ರೇಕ್ ಅಲ್ಲ, ಸ್ಲೈಡ್. ನಮ್ ಮಾರುತಿ ಎಸ್ಟೀಮ್ ಕಾರಿಗೆ ಎಡಗಾಲಲ್ಲಿ ಸ್ವಲ್ಪ ಮುಟ್ಟಿದ್ರೆ ಹಿಂದೆ ತಾನಾಗೇ ಬರೋದು.

ಲೀಫ್‌ರಾಜ:
ಎಸ್ಟೀಮ್ ಬೇರೆ ಜಿಪ್ಸಿ ಬೇರೆ ಸಾರ್. ಜಿಪ್ಸಿ ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗು, ಗಟ್ಟಿ ಆಕ್ಸಲ್ಲು, ಎಸ್ಟೀಮ್ ಥರ ಕುಣಿಯಲ್ಲ.

ಹಳೇಎಸ್ಟೀಮ್:
ಅದನ್ನೇ ಹೇಳ್ತಿರೋದು, ಎತ್ತಿನಗಾಡಿ ಅದು.

ಲೀಫ್‌ರಾಜ:
ಎತ್ತಿನಗಾಡಿನೇ ಸಾರ್, ಆದ್ರೆ ಅದೇ ಎತ್ತಿನಗಾಡಿ ರೇಡ್ ಡಿ ಹಿಮಾಲಯ ರ್ಯಾಲಿಲಿ ಹಿಮದ ಪಾಸ್ ಹತ್ತಿ ಇಳೀತಿತ್ತು. ಐಎನ್‌ಆರ್‌ಸಿಲಿ (ದೇಶದ ರ್ಯಾಲಿ ಚಾಂಪಿಯನ್‌ಶಿಪ್) ಜಿಪ್ಸಿಗೆ ಅಂತಾನೇ ಕ್ಲಾಸ್ ಇಟ್ಟಿದಾರೆ, ಎಸ್ಟೀಮ್ ಈಗ ಎಲ್ಲಿದೆ? ನನ್ ಗಾಡಿಗೆ ಲೀಫ್ ಬಿಚ್ಚಿ ಎಲೆ ಲೆಕ್ಕ ಬದಲಾಯ್ಸಿ ಗ್ಯಾಸ್ ಶಾಕ್ ಹಾಕ್ಸಿದೀನಿ, ಕೆಳಗೆ ಸಂಪ್ ಗಾರ್ಡ್, ಹಿಂದೆ ಡಿಫ್‌ಗೂ ಗಾರ್ಡ್, ಒಳಗೆ ಪೂರ್ತಿ ರೋಲ್ ಕೇಜು. ಫೋಟೋ ಹಾಕ್ಲಾ?

ಧೂಳಪ್ಪ:
ಬೇಡ ಅಂದ್ರೂ ಹಾಕ್ತೀಯ ಹಾಕಪ್ಪ

ತೋಟದಹುಡುಗ:
ಅಣ್ಣ ನನ್ ಬ್ರೇಕು...

ಬಿಸಿರೋಟರ್ ಬ್ರೋ ನೀವು ಹೇಳ್ದಂಗೆ ಡಾಟ್ 4 ಹೊಸಾ ಡಬ್ಬಿ ಒಡೆದು ಪೂರ್ತಿ ಫ್ಲಶ್ ಮಾಡ್ಸಿ ನಮ್ ತೋಟದ ರೋಡಲ್ಲೇ ಓಡ್ಸಿ ನೋಡ್ದೆ, ಮತ್ತೆ ಅದೇ ಕಥೆ. ಈ ಸಲ ಬ್ರೇಕ್ ಅಷ್ಟೊಂದು ಬಳಸೂ ಇರ್ಲಿಲ್ಲ.

ಬಿಸಿರೋಟರ್:
ಹಾಗಾದ್ರೆ ಬ್ಲೀಡಿಂಗ್ ಸರಿಯಾಗಿಲ್ಲ. ಹಿಂದಿನ ವೀಲ್‌ನಿಂದ ಶುರು ಮಾಡಿದ್ರಾ? 5.1 ಹಾಕಿ ಒಂದ್ಸಲ. ಹೋಸ್ ಹಳೇದಾದ್ರೆ ಉಬ್ಬುತ್ತೆ, ಸ್ಟೀಲ್ ಬ್ರೇಡೆಡ್ ಹೋಸ್ ಹಾಕ್ಸಿ.

ನೇವಿಅಕ್ಕ:
ನಡುವೆ ಬರ್ತಿದೀನಿ ತಪ್ಪು ತಿಳ್ಕೋಬೇಡಿ. ನಾನು ಪಕ್ಕದ ಸೀಟಲ್ಲಿ ಕೂರೋಳು, ಸ್ಪ್ಯಾನರ್ ಹಿಡಿದಿದ್ದು ಕಮ್ಮಿ. ತಮ್ಮಾ, ನಿನ್ ನೇವಿಗೇಟರ್ ಹತ್ರ ಪೇಸ್ ನೋಟ್ಸ್ ಬುಕ್ (ಮುಂದಿನ ದಾರಿ ಹೇಗಿದೆ ಅಂತ ಓದಿ ಹೇಳೋ ಪುಸ್ತಕ) ಇದ್ಯಾ? ಪೆಡಲ್ ಬಿದ್ದಿದ್ದು ಎಲ್ಲೆಲ್ಲಿ ಅಂತ ಅದ್ರಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕು. ಆ ಕಾರ್ನರ್‌ಗೆ ಮುಂಚೆ ಏನ್ ಬರೆದಿದೆ ಅಂತ ಇಲ್ಲಿ ಟೈಪ್ ಮಾಡು. ಇನ್ನೊಂದು, ಎರಡನೇ ಸಲ ತುಳಿದ್ರೆ ಪೆಡಲ್ ಹೇಗಿರುತ್ತೆ?

ತೋಟದಹುಡುಗ:
ಎರಡನೇ ಸಲ ತುಳಿದ್ರೆ ಗಟ್ಟಿ ಇರುತ್ತೆ ಅಕ್ಕ, ಅದು ಗೊತ್ತಿರೋದೇ ಅಲ್ವಾ, ಅದಕ್ಕೇ ಬರೀಲಿಲ್ಲ.

ನೇವಿ ಹತ್ರ ಬುಕ್ ಇಸ್ಕೊಂಡೆ (ಈಗ ಮಾತಾಡ್ತಾನೆ). ಒಂದ್ಕಡೆ "150 ರಫ್, ಹೇರ್‌ಪಿನ್ ರೈಟ್". ಇನ್ನೊಂದು "200 ಬಂಪ್ಸ್, ಲೆಫ್ಟ್ 2". ಮೂರನೇದು ಕಲ್ಲು ಹಾಕಿ ಬಿಟ್ಟಿರೋ ನೇರ ದಾರಿ ಆದ್ಮೇಲೆ. ಘಾಟಿ ಥರ ಇಳೀತಾ ಹೇರ್‌ಪಿನ್ ಮೇಲೆ ಹೇರ್‌ಪಿನ್ ಬರೋ ಕಡೆ ಒಂದೂ ಗುರುತಿಲ್ಲ, ಅಲ್ಲಿ ಬ್ರೇಕ್ ಚೆನ್ನಾಗೇ ಇತ್ತು.

ನೇವಿಅಕ್ಕ:
ಬ್ರೇಕ್ ಜಾಸ್ತಿ ಬಿಸಿ ಆಗೋ ಇಳಿಜಾರಲ್ಲಿ ಚೆನ್ನಾಗಿದೆ, ಬ್ರೇಕ್ ಮುಟ್ಟದೇ ಇರೋ ಕಲ್ಲು ದಾರಿ ಆದ್ಮೇಲೆ ಬೀಳ್ತಿದೆ. ಕುದಿಯೋದಾದ್ರೆ ಉಲ್ಟಾ ಆಗ್ಬೇಕಿತ್ತು. ಕುದ್ದ ಪೆಡಲ್ ಎರಡನೇ ತುಳಿತಕ್ಕೆ ಕಲ್ಲಾಗಲ್ಲ, ಸ್ಪಾಂಜ್ ಥರಾನೇ ಇರುತ್ತೆ.

ಇದು ಪ್ಯಾಡ್ ನಾಕ್‌ಬ್ಯಾಕ್ ಅನ್ಸುತ್ತೆ. ವೀಲ್ ಬೇರಿಂಗ್‌ನಲ್ಲಿ ಆಟ (ಸಡಿಲ) ಇದ್ರೆ ಗುಂಡಿಗೆ ಬಿದ್ದಾಗೆಲ್ಲಾ ಹಬ್ ಜೊತೆ ಡಿಸ್ಕೂ ವಾಲಾಡುತ್ತೆ, ವಾಲಿದ ಡಿಸ್ಕು ಪ್ಯಾಡನ್ನೂ ಪಿಸ್ಟನನ್ನೂ ಕ್ಯಾಲಿಪರ್ (ಡಿಸ್ಕನ್ನ ಪ್ಯಾಡಿಂದ ಹಿಡಿಯೋ ಭಾಗ) ಒಳಕ್ಕೆ ತಳ್ಳುತ್ತೆ. ಆಮೇಲೆ ತುಳಿದಾಗ ಮೊದಲ ಒತ್ತು ಆ ಸಂದು ತುಂಬೋಕೇ ಖರ್ಚು. ಕ್ಯಾಲಿಪರ್ ಪಿಸ್ಟನ್ ದಪ್ಪ, ಮಾಸ್ಟರ್ ಸಿಲಿಂಡರ್ ಸಣ್ಣದು, ಅದಕ್ಕೇ ಅಲ್ಲಿ ಅರ್ಧ ಮಿಲಿಮೀಟರ್ ಸರಿದ್ರೂ ಕಾಲ್ ಕೆಳಗೆ ಅದು ಇಂಚಿನ ಲೆಕ್ಕಕ್ಕೆ ಬರುತ್ತೆ. ಬೇರಿಂಗ್ ಯಾವಾಗ ಬಿಚ್ಚಿದ್ರಿ?

ತೋಟದಹುಡುಗ:
ಮಳೆಗಾಲ ಮುಗಿದ್ಮೇಲೆ ಮುಂದಿನ ಎರಡೂ ಬೇರಿಂಗ್ ಹೊಸದು ಹಾಕ್ಸಿದ್ದೆ, ಹೊಳೆ ದಾಟಿ ನೀರು ಹೋಗಿತ್ತು. ಹೊಸದು ಅಲ್ವಾ ಅಂತ ಆ ಕಡೆ ನೋಡಿಲ್ಲ.

ಬಿಸಿರೋಟರ್:
ನಾಕ್‌ಬ್ಯಾಕ್ ಅನ್ನೋದು ನಾಕು ಪಿಸ್ಟನ್ ಫಿಕ್ಸೆಡ್ ಕ್ಯಾಲಿಪರ್ ಇರೋ ಗಾಡಿಗಳ ಕಾಯಿಲೆ ಮೇಡಂ. ಜಿಪ್ಸಿದು ಫ್ಲೋಟಿಂಗ್, ಒಂದೇ ಪಿಸ್ಟನ್. ಡಿಸ್ಕ್ ವಾಲಿದ್ರೆ ಕ್ಯಾಲಿಪರ್ರೂ ಜೊತೆಗೇ ಸರಿಯುತ್ತೆ. ಇಂಟರ್ನೆಟ್‌ನಲ್ಲಿ ಓದಿದ್ದೆಲ್ಲಾ ಜಿಪ್ಸಿಗೆ ಹೊಂದಲ್ಲ.

ನೇವಿಅಕ್ಕ:
ಕ್ಯಾಲಿಪರ್ ಸರಿಯೋ ಸ್ಲೈಡ್ ಪಿನ್ ಆರಾಮಾಗಿ ಜಾರ್ತಿದ್ರೆ ನೀವು ಹೇಳಿದ್ದು ಸರಿ. ತೋಟದ ಕೆಂಪು ಮಣ್ಣು ಪಿನ್ ಬೂಟ್ ಒಳಗೆ ಹೋಗಿ ಗಟ್ಟಿಯಾದ್ರೆ? ಆಗ ಕ್ಯಾಲಿಪರ್ ಸರಿಯಲ್ಲ, ಪಿಸ್ಟನ್ನೇ ಸರೀಬೇಕು. ಜಗಳ ಯಾಕೆ, ಪರೀಕ್ಷೆ ಸುಲಭ ಇದೆ. ತಮ್ಮಾ, ತಣ್ಣಗಿರೋ ಗಾಡೀಲಿ ಪೆಡಲ್ ಗಟ್ಟಿ ಇದ್ಯಾ ನೋಡ್ಕೋ, ಆಮೇಲೆ ನಿಮ್ ತೋಟದ ಅತಿ ಕೆಟ್ಟ ನೇರ ದಾರೀಲಿ ಬ್ರೇಕ್ ಮುಟ್ದೇನೇ ಓಡ್ಸು, ಕೊನೇಲಿ ಏರು ಬರೋ ಹಂಗೆ ನೋಡ್ಕೊಂಡು ಗೇರಲ್ಲೇ ನಿಲ್ಸು, ನಿಂತ್ಮೇಲೆ ಮೆಲ್ಲಗೆ ಪೆಡಲ್ ಒತ್ತು. ತಣ್ಣಗಿರೋ ಬ್ರೇಕಲ್ಲೂ ಮೊದಲ ಒತ್ತು ಕೆಳಗೆ ಹೋದ್ರೆ ಕುದಿಯೋ ಮಾತು ಅಲ್ಲಿಗೆ ಮುಗೀತು.

ಇನ್ನೊಂದು ಕೆಲ್ಸ. ಜ್ಯಾಕ್ ಹಾಕಿ, ವೀಲ್‌ನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡ್ಸು. ಆಟ ಕಂಡ್ರೆ ಒಬ್ರಿಗೆ ಬ್ರೇಕ್ ತುಳ್ಕೊಂಡಿರೋಕೆ ಹೇಳಿ ಮತ್ತೆ ಅಲ್ಲಾಡ್ಸು. ಆಟ ಮಾಯ ಆದ್ರೆ ವೀಲ್ ಬೇರಿಂಗು. ಇನ್ನೂ ಇದ್ರೆ ಕಿಂಗ್‌ಪಿನ್ನು (ವೀಲ್ ಎಡಕ್ಕೆ ಬಲಕ್ಕೆ ತಿರುಗೋ ಪಿನ್ನು).

ಹಳೇಎಸ್ಟೀಮ್:
ಇದು ಮಾತು. ಹಳೇ ಕಾಲದಲ್ಲಿ ನಾವು ಕಲ್ಲು ದಾರಿ ಮುಗಿಯೋ ಮುಂಚೆ ಎಡಗಾಲಲ್ಲಿ ಒಂದ್ಸಲ ಪೆಡಲ್ ತಟ್ಟಿ ನೋಡ್ಕೊತಿದ್ವಿ. ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ, ಸೀನಿಯರ್‌ಗಳು ಹೇಳಿದ್ರು, ಮಾಡ್ತಿದ್ವಿ.

ಲೀಫ್‌ರಾಜ:
ಫೋಟೋ ಹಾಕಿದೀನಿ ನೋಡಿ. ಬಲಗಡೆ ಕಾಣ್ತಿರೋದು ಹೈಡ್ರಾಲಿಕ್ ಹ್ಯಾಂಡ್‌ಬ್ರೇಕು.

ಧೂಳಪ್ಪ:
ಗಾಡಿ ಚೆನ್ನಾಗಿದೆ ರಾಜ, ಹಿಂದೆ ಒಣಗಾಕಿರೋ ಲುಂಗಿ ಯಾರ್ದು

ತೋಟದಹುಡುಗ:
ಅಕ್ಕ ಟೆಸ್ಟ್ ಮಾಡ್ದೆ!! ಬ್ರೇಕ್ ಮುಟ್ಟೇ ಇಲ್ಲ, ಕಾಫಿ ಕಣದಿಂದ ಕೆರೆ ತನಕ ಕಲ್ಲಿನ ಮೇಲೆ ಎಗರಿಸ್ಕೊಂಡ್ ಹೋದೆ, ಡಿಸ್ಕ್ ಕೈಯಲ್ಲಿ ಮುಟ್ಟಿದ್ರೆ ತಣ್ಣಗಿದೆ, ಪೆಡಲ್ ಒತ್ತಿದ್ರೆ ಮುಕ್ಕಾಲು ಭಾಗ ಕೆಳಗೆ. ಎರಡನೇ ಒತ್ತು ಗಟ್ಟಿ. ಬಲಗಡೆ ವೀಲ್ ಎತ್ತಿ ಅಲ್ಲಾಡ್ಸಿದ್ರೆ ಟಕ್ ಟಕ್ ಅಂತ ಕೈಗೇ ಗೊತ್ತಾಗುತ್ತೆ, ಬ್ರೇಕ್ ತುಳಿಸಿದ್ರೆ ನಿಂತೋಗುತ್ತೆ. ಹಬ್ ಬಿಚ್ಚಿ ನೋಡಿದ್ರೆ ನಟ್ ಅಂಚೆಲ್ಲಾ ಕಿತ್ತೋಗಿದೆ, ಸಾಕೆಟ್ ಇಲ್ದೆ ಉಳಿ ಇಟ್ಟು ಸುತ್ತಿಗೇಲಿ ಹೊಡೆದು ಟೈಟ್ ಮಾಡಿದಾರೆ, ಲಾಕ್ ವಾಷರ್ ನಾಲಿಗೆ ಮಡಚೇ ಇಲ್ಲ. ಎಡಗಡೆ ಆಟ ಇಲ್ಲ, ಆದ್ರೆ ಸ್ಲೈಡ್ ಪಿನ್ ಎರಡರಲ್ಲಿ ಒಂದು ಇಕ್ಕಳ ಹಾಕಿ ತಿರುಗಿಸಿದ್ಮೇಲೇ ಈಚೆ ಬಂತು, ಬೂಟ್ ಹರಿದು ಒಳಗೆ ಬರೀ ಕೆಮ್ಮಣ್ಣು.

ನೇವಿಅಕ್ಕ:
ಬಲಗಡೆ ಬೇರಿಂಗ್ ಹೊರಗೆ ತೆಗೆದು ರೋಲರ್‌ಗಳನ್ನ ಬೆಳಕಿಗೆ ಹಿಡಿದು ನೋಡು, ಆಟ ಇಟ್ಕೊಂಡೇ ಓಡ್ಸಿದೀಯ, ಚುಕ್ಕಿ ಬಿದ್ದಿದ್ರೆ ಮತ್ತೆ ಹಾಕ್ಬೇಡ. ಟೇಪರ್ ಬೇರಿಂಗು, ಡಿಸ್ಕ್ ತಿರುಗಿಸ್ತಾ ತಿರುಗಿಸ್ತಾ ನಟ್ ಟೈಟ್ ಮಾಡಿ, ಸಡಿಲ ಮಾಡಿ, ಮತ್ತೆ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ತರ್ಬೇಕು. ವೀಲ್ ಬೋಲ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಗ್ಸಿ ಎಳೆದು ನೋಡೋ ಕ್ರಮ ಇದೆ. ಕಾಫಿ ತೂಗೋ ತಕ್ಕಡಿ ಅಲ್ಲ, ಸಣ್ಣದು.

ಲೀಫ್‌ರಾಜ:
ತಕ್ಕಡಿ ಗಿಕ್ಕಡಿ ಬೇಡ, ಕೈ ಲೆಕ್ಕದಲ್ಲಿ ಫುಲ್ ಟೈಟ್ ಮಾಡಿ ಕಾಲು ಸುತ್ತು ಬಿಟ್ರೆ ಸಾಕು. ನಾನು ಯಾವಾಗ್ಲೂ ಹಂಗೇ.

ನೇವಿಅಕ್ಕ:
ಕಾಲು ಸುತ್ತು ಬಿಟ್ರೆ ಮತ್ತೆ ಆಟ ಬಂತಲ್ಲ ರಾಜಣ್ಣ.

ಲೀಫ್‌ರಾಜ:
ನನ್ ಗಾಡೀಲಿ ಬಂದಿಲ್ಲ ಮೇಡಂ. ಸ್ವಲ್ಪ ಟೈಟ್ ಆದ್ರೂ ಬೇರಿಂಗ್ ಬಿಸಿಯಾಗಿ ಗ್ರೀಸ್ ಕರಗಿ ಹೋಗುತ್ತೆ, ಅದು ಇನ್ನೂ ಡೇಂಜರ್.

ಹಳೇಎಸ್ಟೀಮ್:
ಎಸ್ಟೀಮ್‌ನಲ್ಲಿ ಈ ತಲೆನೋವೇ ಇಲ್ಲ, ಬೇರಿಂಗ್ ಪ್ರೆಸ್ ಮಾಡಿ ಕೂರ್ಸಿದ್ರೆ ಮುಗೀತು.

ಧೂಳಪ್ಪ:
ಬಂತು ಎಸ್ಟೀಮು

ತೋಟದಹುಡುಗ:
ಬಲಗಡೆ ಬೇರಿಂಗ್ ಹೊಸದು, ಹೊಸಾ ಲಾಕ್ ವಾಷರ್, ಎಡಗಡೆ ಪಿನ್ ಬೂಟ್, ಎಲ್ಲಾ ಹಾಕಾಯ್ತು. ಸಾಕೆಟ್ ಚಿಕ್ಕಮಗಳೂರಲ್ಲಿ ಒಬ್ರ ಹತ್ರ ಸಾಲ ತಂದೆ. ಅದೇ ಕಣದಿಂದ ಕೆರೆ ಟೆಸ್ಟ್, ಪೆಡಲ್ ಈಗ ಮೇಲೇ ಇದೆ, ತೀರಾ ಕೆಟ್ಟ ಕಡೆ ಮಾತ್ರ ಒಂದ್ಚೂರು ಉದ್ದ ಆಗುತ್ತೆ. ಡಿಸ್ಕ್ ತಿರುಗುವಾಗ ಎಷ್ಟು ವಾಲುತ್ತೆ ಅಂತ ಡಯಲ್ ಗೇಜಲ್ಲಿ ನೋಡ್ಬೇಕು, ಗೇಜ್ ಇರೋನು ಮದುವೆಗೆ ಹೋಗಿದಾನೆ. ಶುಕ್ರವಾರ ಸ್ಕ್ರೂಟಿನಿ (ರ್ಯಾಲಿಗೆ ಮುಂಚೆ ಗಾಡಿ ತಪಾಸಣೆ), ಗಾಡಿ ಹಿಂಗೇ ತಗೊಂಡ್ ಹೋಗ್ತಿದೀನಿ. ಪೇಸ್ ನೋಟ್ಸಲ್ಲಿ ಪ್ರತಿ "ರಫ್" ಪಕ್ಕ ನೇವಿ ಕೈಲಿ "ತಟ್ಟು" ಅಂತ ಬರೆಸಿದೀನಿ.

ನೇವಿಅಕ್ಕ:
ಒಳ್ಳೇ ಕೆಲ್ಸ. ಅವ್ನು ಅದನ್ನ ಕಾರ್ನರ್‌ಗೆ ಮುಂಚೆ, ಟೈಮಿಗೆ ಸರಿಯಾಗಿ ಓದ್ಬೇಕು ಅಷ್ಟೇ. ರೆಕ್ಕಿಲಿ (ಮೊದಲೇ ದಾರಿ ನೋಡ್ಕೊಂಡು ಬರೋವಾಗ) ಒಂದ್ಸಲ ಅಭ್ಯಾಸ ಮಾಡ್ಸು.

ಬಿಸಿರೋಟರ್:
ಒಂದ್ಚೂರು ಉದ್ದ ಆಗುತ್ತೆ ಅಂದ್ಯಲ್ಲ, ಅದು ಫ್ಲೂಯಿಡ್ಡು. 5.1 ಹಾಕು.