ಫಾಲ್ ಸೀಸನ್ (ಶರತ್ಕಾಲ) ಪಾರ್ಟಿಗೆ ಸುಲಭದ ಚೀಸ್ ಸ್ಟಾರ್ಟರ್ ಯಾವ್ದಾದ್ರೂ ಇದ್ಯಾ?

ತಿಂಡಿಪೋತಿ:
ಶನಿವಾರ ಸಂಜೆ ಎಂಟ್ಹತ್ತು ಜನ ಮನೆಗೆ ಬರ್ತಿದಾರೆ, ಊಟದ ಮೆನು ಫಿಕ್ಸ್ ಆಗಿದೆ, ಬಂದ ತಕ್ಷಣ ಮುಂದಿಡೋಕೆ ಏನಾದ್ರೂ ಚೀಸ್ ಐಟಂ ಬೇಕಿತ್ತು. ಸೇಬು, ಪೇರ್, ವಾಲ್‌ನಟ್ ಎಲ್ಲಾ ಈ ಸೀಸನ್‌ದೇ, ಅದನ್ನೇ ಬಳಸೋಣ ಅಂತ. ಕಂಡೀಷನ್ ಏನಪ್ಪಾ ಅಂದ್ರೆ ಆ ಹೊತ್ತಿಗೆ ಓವನ್ ಖಾಲಿ ಇರಲ್ಲ, ಜನ ಬಂದ್ಮೇಲೆ ನಾನು ಅಡುಗೆಮನೇಲೇ ನಿಂತಿರೋದೂ ಆಗಲ್ಲ. ಐಡಿಯಾ ಕೊಡಿ ಪ್ಲೀಸ್.

ಬೆಣ್ಣೆಕಳ್ಳ:
ಬೇಕ್ಡ್ ಬ್ರೀ (ಬಿಳಿ ಸಿಪ್ಪೆ ಇರೋ ಮೆತ್ತನೆ ಫ್ರೆಂಚ್ ಚೀಸ್), ಕಣ್ಮುಚ್ಕೊಂಡು ಮಾಡಿ. ಇಡೀ ಬ್ರೀ ಚಕ್ರನ ಸಣ್ಣ ಬೇಕಿಂಗ್ ಡಿಶ್‌ನಲ್ಲಿಟ್ಟು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 12–15 ನಿಮಿಷ ಇಟ್ರೆ ಒಳಗೆ ಕರಗಿರತ್ತೆ, ಮೇಲೆ ಜೇನುತುಪ್ಪ, ವಾಲ್‌ನಟ್ ಹಾಕಿ ಕೊಡೋದು ಅಷ್ಟೇ. ಬಿಳಿ ಸಿಪ್ಪೆ ತೆಗೀಬೇಡಿ, ಅದನ್ನ ತಿನ್ನಬಹುದು, ಅದಿಲ್ದಿದ್ರೆ ಎಲ್ಲಾ ಹರ್ಕೊಂಡು ಹೋಗತ್ತೆ.

ಉಪ್ಪುಖಾರ:
ಓವನ್ ಖಾಲಿ ಇಲ್ಲ ಅಂತ ಮೊದ್ಲೇ ಹೇಳಿದಾರಲ್ಲ ಮಾರಾಯ್ರೇ 😄 ಅದೂ ಅಲ್ದೆ ಬ್ರೀ ಬಿಸಿ ಇರೋವಾಗಷ್ಟೇ ಚೆಂದ, ಆರಿದ್ಮೇಲೆ ಗಟ್ಟಿಯಾಗತ್ತೆ, ಲೇಟಾಗಿ ಬಂದವ್ರಿಗೆ ಏನೂ ಮಜಾ ಇರಲ್ಲ.

ನನ್ ವೋಟು ಚೀಸ್ ಬಾಲ್‌ಗೆ. ಹಿಂದಿನ ರಾತ್ರಿನೇ ಮಾಡಿ ಫ್ರಿಜ್‌ಗೆ ಹಾಕಿ ಮರ್ತುಬಿಡಬಹುದು. 225 ಗ್ರಾಂ ಕ್ರೀಮ್ ಚೀಸ್ ಹೊರಗಿಟ್ಟು ಮೆತ್ತಗಾಗೋಕೆ ಬಿಡಿ (ತಣ್ಣಗಿದ್ರೆ ಎಷ್ಟು ಕಲಸಿದ್ರೂ ಗಂಟು ಗಂಟು), ಅದಕ್ಕೆ 100 ಗ್ರಾಂ ತುರಿದ ಚೆಡ್ಡಾರ್ (ಗಟ್ಟಿ ಚೀಸ್), ಒಂದು ಹಿಡಿ ಒಣ ಕ್ರ್ಯಾನ್‌ಬೆರಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಕಾಳುಮೆಣಸಿನ ಪುಡಿ. ಉಪ್ಪು ರುಚಿ ನೋಡಿ ಆಮೇಲೆ, ಚೆಡ್ಡಾರ್‌ನಲ್ಲೇ ಇರತ್ತೆ. ಚೆಡ್ಡಾರ್ ನೀವೇ ತುರೀರಿ, ಪ್ಯಾಕೆಟ್ ತುರಿಗೆ ಅಂಟದೇ ಇರ್ಲಿ ಅಂತ ಸ್ಟಾರ್ಚ್ ಸವರಿರ್ತಾರೆ, ಬಾಯಿಗೆ ಪುಡಿಪುಡಿ ಅನ್ಸತ್ತೆ. ಕಲಸಿದ್ಮೇಲೆ ಕೈಗೆ ಅಂಟೋ ಅಷ್ಟು ಮೆತ್ತಗಿರತ್ತೆ, ಗಾಬರಿಯಾಗ್ಬೇಡಿ, ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಮೇಲೆ ಸುರಿದು ನಾಲ್ಕೂ ಮೂಲೆ ಸೇರಿಸಿ ತಿರುಚಿದ್ರೆ ತಾನೇ ಉಂಡೆಯಾಗತ್ತೆ. ಕಮ್ಮಿ ಅಂದ್ರೂ ಎರಡು ಗಂಟೆ ಫ್ರಿಜ್‌ನಲ್ಲಿರ್ಲಿ.

ವಾಲ್‌ನಟ್ ಮಾತ್ರ ರಾತ್ರಿನೇ ಹಚ್ಚಬೇಡಿ, ತೇವ ಎಳ್ಕೊಂಡು ಮೆತ್ತಗಾಗತ್ತೆ. ಬಾಣಲೇಲಿ ಸಣ್ಣ ಉರೀಲಿ ಘಮ ಬರೋವರ್ಗೂ ಹುರಿದು ಪುಡಿ ಮಾಡಿ ಡಬ್ಬೀಲಿಟ್ಕೊಳಿ, ಜನ ಬರೋಕೆ ಸ್ವಲ್ಪ ಮುಂಚೆ ಉಂಡೇನ ಅದ್ರಲ್ಲಿ ಉರುಳಿಸಿ.

ತಿಂಡಿಪೋತಿ:
ಸೂಪರ್, ಇದೇ ಮಾಡ್ತೀನಿ! ಬ್ರೀ ಇನ್ನೊಂದ್ಸಲ 🙏 ಚೀಸ್ ಸವರ್ಕೊಂಡು ತಿನ್ನೋಕೆ ಸೇಬು, ಪೇರ್ ಹೋಳು ಇಡೋಣ ಅಂತ, ಸೇಬು ಹೆಚ್ಚಿಟ್ರೆ ಕಪ್ಪಾಗಲ್ವಾ? ಬಂದವ್ರಲ್ಲಿ ಒಬ್ರಿಗೆ ನಟ್ ಅಲರ್ಜಿ ಬೇರೆ ಇದೆ.

ಬೆಣ್ಣೆಕಳ್ಳ:
ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ ಹೋಳುಗಳನ್ನ ಹತ್ತು ನಿಮಿಷ ಮುಳುಗಿಸಿ, ಒಂದ್ಸಲ ತೊಳೆದು ಒರೆಸಿ. ನಿಂಬೆರಸಾನೂ ನಡೆಯತ್ತೆ, ಆದ್ರೆ ಹುಳಿ ಎದ್ದು ಕಾಣತ್ತೆ. ಪೇರ್ ತೊಟ್ಟಿನ ಹತ್ರ ಒತ್ತಿದ್ರೆ ಸ್ವಲ್ಪವೇ ಮೆತ್ತಗಿರೋದು ತಗೊಳಿ, ಪೂರ್ತಿ ಹಣ್ಣಾಗಿದ್ರೆ ಚೀಸ್ ಸವರೋವಾಗ ಮುರಿಯತ್ತೆ.

ಉಪ್ಪುಖಾರ:
ಅಲರ್ಜಿ ಇದ್ರೆ ವಾಲ್‌ನಟ್ ಆ ಟೇಬಲ್‌ಗೇ ತರ್ಬೇಡಿ, ಒಂದೇ ಚಾಕು ಎಲ್ಲಾ ಕಡೆ ಓಡಾಡತ್ತೆ. ಹುರಿದ ಕುಂಬಳಬೀಜ ಹಚ್ಚಿ, ಸೀಸನ್‌ಗೂ ಸರಿಹೋಗತ್ತೆ, ಪ್ಯಾಕೆಟ್ ಮೇಲೆ ನಟ್ಸ್ ಬೆರೆತಿರಬಹುದು ಅಂತ ಬರೆದಿದ್ಯಾ ನೋಡ್ಕೊಳಿ. ಮತ್ತೆ ದೊಡ್ಡದೊಂದರ ಬದ್ಲು ಎರಡು ಸಣ್ಣ ಉಂಡೆ ಮಾಡಿ, ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರ್ದು, ಒಂದು ಖಾಲಿ ಆದ್ಮೇಲೆ ಇನ್ನೊಂದು ಫ್ರಿಜ್‌ನಿಂದ ತೆಗೀರಿ.